ಕಡಲು ನುಂಗಿದ ಊರಿನಲ್ಲಿ ಒಂದು ಹಗಲು

ನಮ್ಮತ್ತೆಯವರ ದೇವರ ಗೂಡಿನ ಮೂಲೆಯಲ್ಲಿ ಒಂದು ಹಿತ್ತಾಳೆ ಡಬ್ಬಿ ಇದೆ. ನಾನು ಮದುವೆಯಾಗಿ ಬಂದ ದಿನದಿಂದ ನೋಡುತ್ತಿದ್ದೇನೆ. ಪ್ರತಿ ಶುಕ್ರವಾರ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ, ಆದರೆ ಮುಚ್ಚಳ ತೆಗೆಯುವುದಿಲ್ಲ. ಒಳಗೇನಿದೆ ಎಂದು ಕೇಳಿದರೆ, "ಮರಳು ಕಣೇ, ಸೇತುವಿನದು" ಅಂತಷ್ಟೇ ಉತ್ತರ.

ಈಚೆಗೆ ನಾವು ರಾಮೇಶ್ವರಕ್ಕೆ ಹೊರಟಾಗ "ಅತ್ತೆ, ನೀವೂ ಬನ್ನಿ" ಎಂದೆ. ಅವರು ತಲೆಯಾಡಿಸಿ ಡಬ್ಬಿಯನ್ನು ನನ್ನ ಕೈಗಿಟ್ಟರು. "ಧನುಷ್ಕೋಟಿಗೆ ಹೋಗ್ತೀರಲ್ಲ, ಅಲ್ಲೇ ಇದನ್ನು ಸುರಿದು ಬಾ. ಕಡಲಿಂದ ತಂದದ್ದು ಕಡಲಿಗೇ ಸೇರಲಿ." ಅವತ್ತು ರಾತ್ರಿ, ಬಟ್ಟೆ ಜೋಡಿಸುತ್ತಾ ಕೂತಿದ್ದಾಗ, ಮೊದಲ ಸಲ ಕಥೆ ಪೂರ್ತಿ ಹೇಳಿದರು.

ಅತ್ತೆ ಹದಿನೆಂಟರ ಹೊಸ ಸೊಸೆಯಾಗಿ ತಮ್ಮ ಅತ್ತೆ ಮಾವನ ಜೊತೆ ಸೇತುಸ್ನಾನಕ್ಕೆ ಹೋದದ್ದು 1964ರ ಬೇಸಿಗೆಯಲ್ಲಿ. ಆಗ ಧನುಷ್ಕೋಟಿ ತುಂಬಿದ ಊರು. ಮದರಾಸಿನಿಂದ ಬರುವ ಬೋಟ್ ಮೇಲ್ ರೈಲು ಪಾಂಬನ್ ಸೇತುವೆ ದಾಟಿ ನೇರ ಅಲ್ಲಿಗೇ ಹೋಗುತ್ತಿತ್ತು. ಸಿಂಹಳಕ್ಕೆ ಹೋಗುವವರು ಅಲ್ಲಿಳಿದು ಹಡಗು ಹತ್ತಿ ತಲೈಮನ್ನಾರಿಗೆ ಹೋಗುತ್ತಿದ್ದರು. ಸ್ಟೇಷನ್ನು, ಅಂಚೆ ಕಚೇರಿ, ಶಾಲೆ, ಇಗರ್ಜಿ, ಅಂಗಡಿ ಸಾಲು, ಎಲ್ಲಾ ಇತ್ತು.

ರೈಲಿನ ಕುಲುಕಾಟಕ್ಕೆ ವಾಂತಿಯಾಗಿ ಅತ್ತೆ ಸ್ಟೇಷನ್ನಿನ ಹೊರಗೆ ಕುಸಿದು ಕೂತರಂತೆ. ಸೊಂಟದಲ್ಲಿ ಮಗು ಇಟ್ಟುಕೊಂಡಿದ್ದ ಬೆಸ್ತರ ಹೆಂಗಸೊಬ್ಬಳು ಓಡಿ ಹೋಗಿ ಚೊಂಬು ನೀರು ತಂದು ಮುಖ ತೊಳೆಸಿ ಕುಡಿಸಿದಳಂತೆ. "ಸುತ್ತ ಉಪ್ಪು ಸಮುದ್ರ, ಆ ನೀರು ಮಾತ್ರ ಎಳನೀರಿನ ಹಾಗೆ. ಅಷ್ಟು ಸಿಹಿ ಕಣೇ" ಎಂದರು ಅತ್ತೆ.

ಸೇತುವಿನ ಮರಳನ್ನು ಪ್ರಯಾಗದಲ್ಲಿ ಬಿಟ್ಟು, ಅಲ್ಲಿಂದ ಗಂಗಾಜಲ ತಂದು ರಾಮನಾಥನಿಗೆ ಅಭಿಷೇಕ ಮಾಡಿಸಿದರೆ ಕಾಶಿಯಾತ್ರೆ ಪೂರ್ತಿ ಎಂಬ ನಂಬಿಕೆ ನಮ್ಮಲ್ಲಿದೆಯಲ್ಲವೇ? ಹಾಗೆಂದೇ ಡಬ್ಬಿಯಲ್ಲಿ ಮರಳು ತುಂಬಿಸಿ ತಂದರು. ಮುಂದಿನ ವರ್ಷ ಕಾಶಿಗೆ ಹೋಗುವುದೆಂದು ಮಾತಾಯಿತು.

ಆ ವರ್ಷವೇ ಡಿಸೆಂಬರ್ 22ರ ನಡುರಾತ್ರಿ ಚಂಡಮಾರುತ ಬಂತು. ಅಂಡಮಾನಿನ ದಕ್ಷಿಣಕ್ಕೆ ಹುಟ್ಟಿದ ವಾಯುಭಾರ ಕುಸಿತ ದಿನದಿನಕ್ಕೂ ಬಲಿತು, ಸಿಂಹಳವನ್ನು ಹಾದು ಧನುಷ್ಕೋಟಿಯ ಮೇಲೆ ಎರಗಿತು. ಎರಡಾಳೆತ್ತರಕ್ಕೂ ಮೀರಿದ ಅಲೆಗಳು ಊರಿಗೆ ನುಗ್ಗಿದವು. ಪಾಂಬನ್ನಿನಿಂದ ಹೊರಟಿದ್ದ ಪ್ಯಾಸೆಂಜರ್ ರೈಲು ಇನ್ನೇನು ಧನುಷ್ಕೋಟಿ ಸೇರಬೇಕು, ನೂರಕ್ಕೂ ಹೆಚ್ಚು ಜನರ ಸಮೇತ ನೀರುಪಾಲಾಯಿತು. ಪಾಂಬನ್ ರೈಲು ಸೇತುವೆಯ ಬಹುಭಾಗ ಕೊಚ್ಚಿಹೋಯಿತು. ಎರಡೂ ದೇಶ ಸೇರಿ ಸತ್ತವರು ಸುಮಾರು 1,800 ಎಂದು ಲೆಕ್ಕ. ಊರು ವಾಸಕ್ಕೆ ಯೋಗ್ಯವಲ್ಲವೆಂದು ಆಮೇಲೆ ಮದರಾಸು ಸರ್ಕಾರವೇ ಸಾರಿತು.

ಪಕ್ಕದ ಮನೆಯ ರೇಡಿಯೋದಲ್ಲಿ ಸುದ್ದಿ ಕೇಳಿದ ಅತ್ತೆಗೆ ಕಣ್ಣ ಮುಂದೆ ನಿಂತದ್ದು ಆ ಹೆಂಗಸು, ಸೊಂಟದ ಮಗು. ಹಿರಿಯರನ್ನು ಕೇಳಿದರೆ "ಅವರವರ ಕರ್ಮ" ಎಂದರಂತೆ. "ಸೇತುವಿನಲ್ಲಿ ಮುಳುಗಿದರೆ ಪಾಪ ಹೋಗತ್ತೆ ಅಂತ ನಾವು ಹೋಗಿ ಮುಳುಗಿ ಬಂದ್ವಿ. ದಿನಾ ಅಲ್ಲೇ ಇದ್ದೋರನ್ನ ಮುಳುಗಿಸಿಬಿಟ್ಟನಲ್ಲ! ಆ ಮಗು ಏನು ಕರ್ಮ ಮಾಡಿತ್ತು?" ಅಂದಿನಿಂದ ಅತ್ತೆ ಪೂಜೆ ಬಿಡಲಿಲ್ಲ, ಆದರೆ ಯಾವ ಯಾತ್ರೆಗೂ ಹೋಗಲಿಲ್ಲ. ಕಾಶಿ ಹಾಗೇ ಉಳಿಯಿತು, ಡಬ್ಬಿಯೂ ಉಳಿಯಿತು.

ಮಧುರೆಯಿಂದ ನಾವು ರೈಲಿನಲ್ಲೇ ಹೋದೆವು. 2025ರಲ್ಲಿ ತೆರೆದ ಹೊಸ ಸೇತುವೆಯ ಮೇಲೆ ರೈಲು ಸಾಗುವಾಗ ಪಕ್ಕದಲ್ಲಿ 1914ರ ಹಳೆಯ ಸೇತುವೆ ಕಾಣುತ್ತಿತ್ತು. ಚಂಡಮಾರುತದಲ್ಲಿ ಮುರಿದ ಆ ಸೇತುವೆಯನ್ನು ಆಗ ತರುಣ ಎಂಜಿನಿಯರಾಗಿದ್ದ ಇ. ಶ್ರೀಧರನ್ 46 ದಿನಗಳಲ್ಲಿ ಮತ್ತೆ ನಿಲ್ಲಿಸಿದರೆಂದು ಇವರು ಹೇಳಿದರು. ಸೇತುವೆ ಎದ್ದಿತು, ಧನುಷ್ಕೋಟಿಯ ರೈಲು ಮಾತ್ರ ಮತ್ತೆ ಓಡಲಿಲ್ಲ.

ರಾಮೇಶ್ವರದಲ್ಲಿ 22 ತೀರ್ಥಗಳ ಸ್ನಾನ ಮುಗಿಸಿ, ಒದ್ದೆ ಸೀರೆ ಬದಲಿಸಿ ದರ್ಶನಕ್ಕೆ ನಿಂತೆ. ಒಳಗಿರುವ ರಾಮಲಿಂಗ ಸೀತಮ್ಮ ತನ್ನ ಕೈಯಾರೆ ಮರಳಿನಲ್ಲಿ ಮಾಡಿದ್ದೆಂದು ಪ್ರತೀತಿ. ಹನುಮಂತ ಕೈಲಾಸದಿಂದ ಲಿಂಗ ತರುವುದು ತಡವಾಯಿತೆಂದು ಆ ತಾಯಿ ಇದ್ದ ಮರಳನ್ನೇ ಕೂಡಿಸಿದಳಂತೆ. ಹೆಂಗಸಿನ ಕೈಯ ಮರಳು ನಿಂತಿತು, ಮರಳಿನ ಮೇಲಿನ ಊರು ನಿಲ್ಲಲಿಲ್ಲ. ನನ್ನ ಚೀಲದಲ್ಲಿ ಅತ್ತೆಯ ಡಬ್ಬಿ ಇತ್ತು. ಏನು ಬೇಡಿಕೊಳ್ಳಬೇಕೋ ತಿಳಿಯದೆ ಬರೀ ಕೈಮುಗಿದು ಬಂದೆ.

ಮರುದಿನ ಬೆಳಿಗ್ಗೆ ಧನುಷ್ಕೋಟಿಗೆ ಆಟೋ ಮಾಡಿಕೊಂಡೆವು. ದಾರಿಯಲ್ಲಿ ಕೋದಂಡರಾಮನ ಗುಡಿ ಸಿಗುತ್ತದೆ. ವಿಭೀಷಣ ರಾಮನಿಗೆ ಶರಣು ಬಂದ ಜಾಗವೆನ್ನುತ್ತಾರೆ. ಅಂದಿನ ಚಂಡಮಾರುತದಲ್ಲೂ ಈ ಗುಡಿ ಉಳಿಯಿತು. "ನೋಡಿ ದೇವರ ಮಹಿಮೆ" ಎಂದರು ಜೊತೆಯಲ್ಲಿದ್ದ ಯಾತ್ರಿಕರೊಬ್ಬರು. ಅತ್ತೆ ಇದ್ದಿದ್ದರೆ "ತನ್ನ ಮನೆ ಉಳಿಸಿಕೊಂಡ, ಸರಿ" ಅಂತಿದ್ದರೇನೋ!

ಮುಂದೆ ಎರಡೂ ಬದಿಗೆ ಸಮುದ್ರ, ನಡುವೆ ರಸ್ತೆ. ಶಾಂತವಾಗಿರುವ ಬಂಗಾಳಕೊಲ್ಲಿಯನ್ನು ಅಲ್ಲಿಯವರು ಹೆಣ್ಣು ಕಡಲು ಎನ್ನುತ್ತಾರೆ, ಮೊರೆಯುವ ಇನ್ನೊಂದು ಬದಿಯದು ಗಂಡು ಕಡಲು. ಹಳೆಯ ಊರಿನಲ್ಲಿ ಇಳಿದರೆ ಚಾವಣಿಯಿಲ್ಲದ ಇಗರ್ಜಿಯ ಗೋಡೆ, ಸ್ಟೇಷನ್ನಿನ ಮುರುಕು, ನೀರಿನ ಟ್ಯಾಂಕಿನ ಕಂಬಗಳು. ಗೋಡೆಯ ಹವಳದ ಕಲ್ಲುಗಳನ್ನು ಗಾಳಿ ಇನ್ನೂ ತಿನ್ನುತ್ತಿದೆ.

ಇಗರ್ಜಿಯ ಹತ್ತಿರ ಚಿಪ್ಪಿನ ಸರ ಮಾರುತ್ತಿದ್ದ ಮುದುಕಿಯೊಬ್ಬರ ಬಳಿ ಕೂತೆವು. ಹೊಸೂರಿನಲ್ಲಿ ಕೆಲಸ ಮಾಡಿದ್ದರಿಂದ ಇವರಿಗೆ ತಮಿಳು ಬರುತ್ತದೆ. ಆ ರಾತ್ರಿ ಆಕೆಗೆ ಆರು ವರ್ಷವಂತೆ. ಅಪ್ಪ ಹೆಗಲ ಮೇಲೆ ಹೊತ್ತು ಮರಳುದಿಬ್ಬ ಹತ್ತಿದ. ಅಮ್ಮ, ಕೈಗೂಸು ತಮ್ಮ ಸಿಗಲೇ ಇಲ್ಲ.

"ಮತ್ತೆ ಇಲ್ಲಿಗೇ ಯಾಕೆ ಬಂದಿರಿ?" ಎಂದೆ.

"ಮೀನು ಇಲ್ಲಿದೆ, ನಮ್ಮಮ್ಮ ಇಲ್ಲಿದ್ದಾಳೆ. ಎಲ್ಲಿಗೆ ಹೋಗಲಿ ತಾಯಿ?"

"ದೇವರ ಮೇಲೆ ಕೋಪ ಬರಲಿಲ್ಲವೇ?"

ಆಕೆ ಸರ ಪೋಣಿಸುವುದನ್ನು ನಿಲ್ಲಿಸಿದರು. "ಬಾರದೇ ಇರುತ್ತದೆಯೇ? ಮದುವೆಯಾದ ಮೇಲೂ ಎಷ್ಟೋ ವರ್ಷ ದೀಪ ಹಚ್ಚಲಿಲ್ಲ. ಆಮೇಲೆ ಮಗ ದೊಡ್ಡವನಾಗಿ ಕಡಲಿಗಿಳಿದ. ಕತ್ತಲಲ್ಲಿ ಅವನಿಗೆ ದಡ ಕಾಣಬೇಡವೇ? ದೀಪ ಇಟ್ಟೆ. ಅದು ದೇವರಿಗೋ ಮಗನಿಗೋ ನನಗೇ ಗೊತ್ತಿಲ್ಲ."

ನೀರು ಕೇಳಿದೆ. ಗುಡಿಸಿಲ ಹಿಂದೆ ಮರಳಿನಲ್ಲಿ ತೋಡಿದ ಗುಂಡಿಯಿಂದ ಮೊಗೆದು ಕೊಟ್ಟರು. ಮಳೆ ನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೇ ನಿಲ್ಲುತ್ತದಂತೆ. ಹೆಚ್ಚು ಆಳ ತೋಡಿದರೆ ಉಪ್ಪು. ಕುಡಿದೆ. ಅತ್ತೆ ಹೇಳಿದ್ದು ನಿಜ, ಎಳನೀರೇ.

ಆಗ ಡಬ್ಬಿ ತೆಗೆದು ವಿಷಯ ಹೇಳಿದೆವು. ಮುಚ್ಚಳ ತೆಗೆದು ಆಕೆ ಬಹಳ ಹೊತ್ತು ನೋಡಿದರು. "ಇದು ನಮ್ಮಮ್ಮ ಓಡಾಡುತ್ತಿದ್ದಾಗಿನ ಮರಳು. ಇಲ್ಲಿ ಸುರಿದರೆ ಕಡಲು ಇದನ್ನೂ ತೊಗೊಂಡು ಹೋಗತ್ತೆ. ಬೇಡಮ್ಮ." ಒಂದು ಚಿಟಿಕೆ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಉಳಿದದ್ದು ಗಂಗೆಗೇ ಹೋಗಲಿ. ಬಿಡುವಾಗ ನಮ್ಮಮ್ಮನ ಹೆಸರೂ ಹೇಳಿ" ಎಂದು ನನ್ನ ಕಿವಿಯಲ್ಲಿ ಹೆಸರು ಹೇಳಿದರು.

ಊರಿಗೆ ಬಂದು ಡಬ್ಬಿ ಹಿಂದಕ್ಕೆ ಕೊಟ್ಟಾಗ ಅತ್ತೆ ಗದರಲಿಲ್ಲ. ಎಲ್ಲಾ ಕೇಳಿಸಿಕೊಂಡು, "ನೀರು ಸಿಹಿ ಇತ್ತೇ?" ಎಂದರು. ಇತ್ತು ಎಂದೆ. ಅತ್ತೆ ಕಂಡ ಹೆಂಗಸು ಆಕೆಯ ತಾಯಿಯೇ ಎಂದು ಹೇಳಲು ನನ್ನಲ್ಲಿ ಯಾವ ಆಧಾರವೂ ಇಲ್ಲ. ಅತ್ತೆಯೂ ಕೇಳಲಿಲ್ಲ. ಆ ಹೆಸರನ್ನು ಮಾತ್ರ ಎರಡು ಸಲ ಹೇಳಿಸಿಕೊಂಡರು.

ಸಂಜೆ ದೀಪ ಹಚ್ಚಿ ಬಂದವರು ಮಗನನ್ನು ಕರೆದು ಕೇಳಿದರು: "ಪ್ರಯಾಗಕ್ಕೆ ರೈಲು ಎಲ್ಲಿಂದ ಹೊರಡತ್ತೋ? ಎಂಬತ್ತಾದೋರಿಗೆ ಕೆಳಗಿನ ಬರ್ತು ಕೊಡ್ತಾರಂತಲ್ಲ?"

ಹೋಗುವ ಸೋದರಿಯರಿಗೆ ಎರಡು ಮಾತು: ತೀರ್ಥಸ್ನಾನಕ್ಕೆ ಬೇಗ ಒಣಗುವ ನೂಲಿನ ಸೀರೆಯುಡಿ, ಬದಲಿಸಲು ಒಣ ಸೀರೆ ಜೊತೆಗಿರಲಿ. ಧನುಷ್ಕೋಟಿಗೆ ಬೆಳಿಗ್ಗೆಯೇ ಹೊರಟು, ಹೊತ್ತು ಮುಳುಗುವ ಮೊದಲು ಹಿಂತಿರುಗಿ. ತಲೆಗೆ ನೆರಳು, ಕೈಯಲ್ಲಿ ಬುತ್ತಿ ಇರಲಿ, ಮೊಸರನ್ನ ಆ ಬಿಸಿಲಿಗೆ ಹುಳಿಯಾಗುತ್ತದೆ, ಪುಳಿಯೋಗರೆ ಮೇಲು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆ ಕರಾವಳಿಗೆ ಚಂಡಮಾರುತದ ಕಾಲ, ಹವಾಮಾನ ಸುದ್ದಿ ಕೇಳಿಕೊಂಡೇ ಹೊರಡಿ. ಚಿಪ್ಪಿನ ಸರ ಕೊಳ್ಳುವಾಗ ಹೆಚ್ಚು ಚೌಕಾಸಿ ಮಾಡಬೇಡಿ.