ವೈಟ್ಟಿಲದಿಂದ ಪೆರಡಾಲಕ್ಕೆ

ಜೂನ್ ತಿಂಗಳು ಬಂತೆಂದರೆ ವೈಟ್ಟಿಲದ ನಮ್ಮ ಮನೆಗಳಲ್ಲಿ ಮಕ್ಕಳ ಶಾಲೆಯದೇ ಮಾತು. ಪುಸ್ತಕ, ಫೀಸು, ಬಸ್ಸು ಎಲ್ಲ ವಿಚಾರವೂ ಮುಗಿದ ಮೇಲೆ ಯಾರಾದರೊಬ್ಬರು, “ಈ ಕೇರಳದಲ್ಲಿ ಕನ್ನಡ ಕಲಿಸುವವರು ಯಾರು?” ಎಂದು ನಿಟ್ಟುಸಿರು ಬಿಡುತ್ತಾರೆ. ಅದಕ್ಕೆ ಉತ್ತರ ಇದೇ ರಾಜ್ಯದಲ್ಲಿ ಉಂಟು. ಒಂದು ರಾತ್ರಿಯ ರೈಲು ಪ್ರಯಾಣ ಸಾಕು.

ವೈಟ್ಟಿಲದಲ್ಲಿ ಮೆಟ್ರೊ ಹತ್ತಿ ಟೌನ್ ಹಾಲಿನಲ್ಲಿ ಇಳಿದರೆ ಎರ್ನಾಕುಳಂ ಟೌನ್ ರೈಲು ನಿಲ್ದಾಣ ಸಮೀಪದಲ್ಲೇ ಇದೆ. ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ಸು ಹಿಡಿದವರು ಸುಮಾರು 350 ಕಿಲೋಮೀಟರು ಸಾಗಿ, ಬೆಳಗ್ಗೆ ಚಂದ್ರಗಿರಿ ಹೊಳೆ ದಾಟಿ ಕಾಸರಗೋಡು ಸೇರುತ್ತಾರೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ನಾಡಿದು. ಈ ಹೊಳೆಯ ಉತ್ತರದ ಭಾಗ ಕನ್ನಡನಾಡಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ನಡೆಯಲಿಲ್ಲ. ಗಡಿ ಬದಲಾಗಲಿಲ್ಲ, ಶಾಲೆಗಳು ಮಾತ್ರ ಕನ್ನಡವನ್ನು ಬಿಡಲಿಲ್ಲ.

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ನೀರ್ಚಾಲು ಸಿಗುತ್ತದೆ. ಅಲ್ಲಿಯ ಮಹಾಜನ ಸಂಸ್ಕೃತ ಕಾಲೇಜು 1911ರಲ್ಲಿ ಹುಟ್ಟಿದ್ದು. ಕಾಲಕ್ರಮದಲ್ಲಿ ಹೈಸ್ಕೂಲೂ ಆಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಓದಿದ್ದು ಅಲ್ಲಿ. ಮುಂದೆ ಅವರು ಅಧ್ಯಾಪಕರಾಗಿ ದುಡಿದದ್ದು ಬದಿಯಡ್ಕದ ಬಳಿಯ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ. 1915ರಲ್ಲಿ ಹುಟ್ಟಿ, ನೂರು ತುಂಬಿಸಿಕೊಂಡು 2015ರಲ್ಲಿ ತೀರಿಕೊಂಡ ಈ ಹಿರಿಯರು ಹಳ್ಳಿಯ ಹೈಸ್ಕೂಲನ್ನು ಬಿಟ್ಟು ದೊಡ್ಡ ಊರನ್ನು ಅರಸಿ ಹೋಗಲಿಲ್ಲ.

ಈ ಸೀಮೆಯ ಮಕ್ಕಳು ಮನೆಯಲ್ಲಿ ಆಡುವುದು ತುಳು, ಹವ್ಯಕ, ಬ್ಯಾರಿ, ಕರಾಡ ಮರಾಠಿ, ಮಲಯಾಳ. ಅವರೆಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ್ದು ಶಾಲೆಯ ಕನ್ನಡ. ಹತ್ತನೆಯ ತರಗತಿಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೂ ಕನ್ನಡ ಪದ್ಯವಾಚನಕ್ಕೂ ಸ್ಥಾನವಿದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳು ಗೆಜ್ಜೆ ಕಟ್ಟಿ ಕುಣಿಯುವ ಆ ಉತ್ಸವ 1957ರಲ್ಲಿ ಮೊದಲು ನಡೆದದ್ದು ನಮ್ಮ ಎರ್ನಾಕುಳದಲ್ಲೇ!

ಎಲ್ಲವೂ ಸುಖವಾಗಿದೆಯೆಂದಲ್ಲ. ಇಂಗ್ಲಿಷ್ ಮಾಧ್ಯಮದ ಸೆಳೆತ ಅಲ್ಲಿಯೂ ಬಲವಾಗಿದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗ ಮಕ್ಕಳೂ ತಾಯಿತಂದೆಗಳೂ ಕೂಡಿ ಪ್ರತಿಭಟಿಸಬೇಕಾಗಿ ಬಂದಿದೆ. ಗಣಿತದ ಪಾಠವೇ ತಿಳಿಯದಿದ್ದರೆ ಮಗು ಮಾಡುವುದೇನು? ಶಾಲೆ ಸೋತರೆ ಆ ಸೀಮೆಯ ಅನೇಕ ಮನೆಗಳಿಗೆ ಕನ್ನಡ ಬರುವ ಬಾಗಿಲೇ ಮುಚ್ಚಿದಂತೆ.

ನಮ್ಮ ಸ್ಥಿತಿ ಇದರ ತಿರುವುಮುರುವು: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಬೇರೆ ಮಾತು. ಅವರಿಗೆ ಶಾಲೆ ಮಾಡುವ ಕೆಲಸವನ್ನು ನಮ್ಮಲ್ಲಿ ಮನೆಯೇ ಮಾಡಬೇಕು. ಅದಕ್ಕೆ ಬೇಕಾದ ಪುಸ್ತಕವೂ ಸಿದ್ಧವಾಗಿದೆ. ಕೇರಳ ಸರಕಾರ ಒಂದನೆಯ ತರಗತಿಯಿಂದ ಕನ್ನಡ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ; ‘ಸಮಗ್ರ’ ಜಾಲತಾಣದಲ್ಲಿ ಅವು ಕಾಸಿಲ್ಲದೆ ಸಿಗುತ್ತವೆ. ನಮ್ಮ ಮಕ್ಕಳ ಮಲಯಾಳ ಪುಸ್ತಕಗಳನ್ನು ಹೊರತರುವ ಇಲಾಖೆಯೇ ಅವನ್ನೂ ಹೊರತರುತ್ತದೆ.

ವಾರಕ್ಕೊಂದು ಸಂಜೆ, ನಾಲ್ಕು ಮನೆಯ ಮಕ್ಕಳು, ಒಂದು ಚಾಪೆ, ಆ ಒಂದನೆಯ ಪುಸ್ತಕ. ರಜೆಯಲ್ಲಿ ಊರಿಗೆ ಹೋಗುವಾಗ ಕಾಸರಗೋಡಿನಲ್ಲಿ ಒಂದು ದಿನ ಇಳಿದು ಪೆರಡಾಲದ ಹಾದಿ ಹಿಡಿಯಿರಿ. ಕೇರಳದ ಮಣ್ಣಿನಲ್ಲಿ ಕನ್ನಡದ ಬೋರ್ಡು ಹೊತ್ತು ನಿಂತ ಶಾಲೆಯನ್ನು ಮಕ್ಕಳು ಒಮ್ಮೆ ಕಣ್ಣಾರೆ ನೋಡಲಿ.