ಯಮದೂತ ಮತ್ತು ಪಹಣಿಯ 11ನೇ ಕಾಲಂ



ತೆಂಗಿನ ಬುಡಕ್ಕೆ ಮುಚ್ಚಿಗೆ ಹಾಕೋದರ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಈ ಸಲ ನಮ್ಮೂರ ನಾಟಕದ ಸುದ್ದಿ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಕೊನೆತನಕ ಓದಿ. ಇದರೊಳಗೆ ನಿಮ್ಮ ಪಹಣಿ ಸುದ್ದಿನೂ ಐತೆ.

ನಮ್ಮ ಗುಬ್ಬಿ ಸೀಮೆಯವರಿಗೆ ನಾಟಕದ ಸೀಜನ್ ಯಾವಾಗ ಅಂತ ಹೇಳಿಕೊಡಬೇಕಾಗಿಲ್ಲ. ರಾಗಿ ಕಣ ಮುಗಿದು, ಹುಲ್ಲು ಮೆದೆ ಒಟ್ಟಿ, ಅವರೆಕಾಯಿ ಸೊಗಡು ಇಳೀತಿದ್ದಂಗೆ ಹಾರ್ಮೋನಿಯಂ ಮೇಷ್ಟ್ರು ಬಂದು ಶಾಲೆ ಜಗಲಿಯಲ್ಲಿ ಕೂತ್ಕೋತಾರೆ. ಅಲ್ಲಿಂದ ಯುಗಾದಿವರೆಗೆ ನಮ್ಮೂರಲ್ಲಿ ಮೂರು ನಾಟಕ. ಮೊದಲು ರಾಜಾ ವಿಕ್ರಮ, ಶಿವರಾತ್ರಿಗೆ ಕುರುಕ್ಷೇತ್ರ, ಊರಹಬ್ಬಕ್ಕೆ ಇನ್ನೊಂದು. ಆ ಮೂರನೇದು ಈ ವರ್ಷ ನಿಂತೇ ಹೋಗೋದರಲ್ಲಿತ್ತು.

ಕಾರಣ ದುಡ್ಡು. ಪೌರಾಣಿಕ ನಾಟಕದ ಲೆಕ್ಕ ನಿಮಗೂ ಗೊತ್ತು. ಪಾತ್ರಕ್ಕೊಂದು ರೇಟು. ದುರ್ಯೋಧನ, ಕೃಷ್ಣನಿಗೆ ಜಾಸ್ತಿ, ವಿದುರ, ಸಂಜಯನಿಗೆ ಕಮ್ಮಿ. ಆ ದುಡ್ಡಲ್ಲೇ ಸೀನರಿ, ಲೈಟು, ಡ್ರೆಸ್ಸು, ಮೇಷ್ಟ್ರ ಫೀಸು, ತುಮಕೂರಿಂದ ಬರೋ ನಟಿಯರ ಸಂಭಾವನೆ ಎಲ್ಲಾ ಆಗಬೇಕು. ನಮ್ಮೂರ ದುರ್ಯೋಧನ ಈ ಸಲ ಆ ಪಾತ್ರಕ್ಕೆ ಕೊಟ್ಟ ದುಡ್ಡಲ್ಲಿ ಒಂದು ಒಳ್ಳೆ ಕರಾವಿನ ಹಸು ಬರ್ತಿತ್ತು. ಎರಡು ನಾಟಕ ಆಗೋ ಹೊತ್ತಿಗೆ ಎಲ್ಲರ ಜೇಬೂ ಖಾಲಿ. ಮೂರನೇದಕ್ಕೆ ಪಾತ್ರ ಕೊಳ್ಳೋರೇ ಇಲ್ಲ.

ಆಗ ನಮ್ಮ ಹೈಸ್ಕೂಲ್ ಮೇಷ್ಟ್ರು ಒಂದು ಮಾತು ಹೇಳಿದ್ರು. "ಒಂಬತ್ತೇ ಪಾತ್ರ, ಒಂದೂವರೆ ಗಂಟೆ, ಸೀನರಿ ಬೇಡ, ಒಂದು ಮರ ಇದ್ರೆ ಸಾಕು. ಪ್ರಹಸನ ಆಡೋಣ." ನಾಟಕದ ಹೆಸರು 'ಭಗವದಜ್ಜುಕೀಯ'. ಹೆಸರು ಕೇಳಿ ನಮ್ಮ ಹುಡುಗರು ಅಲ್ಲೇ ಆಕಳಿಸಿದ್ರು. ಭಗವಾನ್ ಅಂದ್ರೆ ಸನ್ಯಾಸಿ, ಅಜ್ಜುಕೆ ಅಂದ್ರೆ ಗಣಿಕೆ, ಇಬ್ಬರ ಜೀವ ಅದಲು ಬದಲಾಗೋ ಕತೆ ಅಂದಮೇಲೆ ಎದ್ದು ಕೂತ್ರು.

ಇದು ಸಾವಿರ ವರ್ಷಕ್ಕೂ ಹಳೇ ಸಂಸ್ಕೃತ ನಾಟಕ. ಬೋಧಾಯನ ಅನ್ನೋ ಕವಿಯದು ಅಂತ ಕೆಲವರು, 7ನೇ ಶತಮಾನದ ಕಂಚಿಯ ಪಲ್ಲವ ದೊರೆ ಮಹೇಂದ್ರವರ್ಮನದು ಅಂತ ಕೆಲವರು. ಆ ದೊರೆ 'ಮತ್ತವಿಲಾಸ' ಅಂತ ಇನ್ನೊಂದು ಪ್ರಹಸನ ಬರೆದಿರೋದಂತೂ ಖಚಿತ. ಬಾದಾಮಿಯ ನಮ್ಮ ಇಮ್ಮಡಿ ಪುಲಕೇಶಿ ಪಲ್ಲವ ದೊರೆಯನ್ನ ಕಂಚಿ ಕೋಟೆ ಗೋಡೆ ಹಿಂದೆ ಅಡಗೋ ಹಂಗೆ ಮಾಡಿದ ಅಂತ 634ರ ಐಹೊಳೆ ಶಾಸನದಲ್ಲಿ ಐತಲ್ಲ, ಆ ದೊರೆ ಇವನೇ ಅಂತ ಚರಿತ್ರೆ ಬಲ್ಲವರು ಹೇಳ್ತಾರೆ. ಯುದ್ಧ ಮಾಡೋ ರಾಜನೂ ಕೂತು ನಗೋ ನಾಟಕ ಬರೆದಿದ್ದಾನೆ ಅಂದ್ರೆ ನಗು ಹಗುರದ ಕೆಲಸ ಅಲ್ಲ. ಅಷ್ಟು ದೂರ ಯಾಕೆ, 1884ರಲ್ಲಿ ಶುರುವಾದ ನಮ್ಮ ಗುಬ್ಬಿ ಕಂಪನಿಯನ್ನೇ ತಗೊಳ್ಳಿ. ಗುಬ್ಬಿ ವೀರಣ್ಣನವರನ್ನ ಜನ ನೆನೆಸಿಕೊಳ್ಳೋದು 'ಸದಾರಮೆ'ಯ ಕಳ್ಳನ ಪಾತ್ರಕ್ಕೆ. ರಾಜನ ಪಾತ್ರಕ್ಕಲ್ಲ, ಕಳ್ಳನ ಪಾತ್ರಕ್ಕೆ!

ಕತೆ ಇಷ್ಟು. ಒಬ್ಬ ಸನ್ಯಾಸಿ, ಅವನಿಗೊಬ್ಬ ಶಿಷ್ಯ ಶಾಂಡಿಲ್ಯ. ಶಿಷ್ಯ ಕಾವಿ ಉಟ್ಟಿರೋದೇ ಊಟಕ್ಕೆ. ಇಬ್ಬರೂ ಒಂದು ತೋಟಕ್ಕೆ ಬರ್ತಾರೆ. ಅಲ್ಲಿಗೆ ವಸಂತಸೇನೆ ಅನ್ನೋ ಗಣಿಕೆ ಬರ್ತಾಳೆ. ಅಶೋಕದ ಚಿಗುರು ಕೀಳೋವಾಗ ಯಮದೂತ ಹಾವಾಗಿ ಬಂದು ಅವಳ ಪ್ರಾಣ ತಗೊಂಡು ಹೋಗ್ತಾನೆ. ಶಿಷ್ಯನಿಗೆ ಯೋಗದ ಶಕ್ತಿ ತೋರಿಸೋಕೆ ಸನ್ಯಾಸಿ ತನ್ನ ಜೀವವನ್ನ ಆ ಹೆಣದೊಳಗೆ ಸೇರಿಸ್ತಾನೆ. ಗಣಿಕೆ ಎದ್ದು ಕೂತು ವೇದಾಂತ ಶುರು ಮಾಡ್ತಾಳೆ. ಅಷ್ಟರಲ್ಲಿ ಯಮಲೋಕದಲ್ಲಿ ಯಮ ಬೈದು ಕಳಿಸ್ತಾನೆ: ತರಬೇಕಾಗಿದ್ದ ವಸಂತಸೇನೆ ಇವಳಲ್ಲ, ಅದೇ ಹೆಸರಿನ ಇನ್ನೊಬ್ಬಳು! ಯಮದೂತ ಜೀವ ವಾಪಸ್ ತಂದು ನೋಡಿದ್ರೆ ಹೆಣ ಆಗಲೇ ಎದ್ದು ಪಾಠ ಮಾಡ್ತಿದೆ. ಬೇರೆ ದಾರಿ ಕಾಣದೆ ಅವಳ ಜೀವವನ್ನ ಸನ್ಯಾಸಿ ಮೈಯೊಳಗೆ ಹಾಕ್ತಾನೆ. ಆಮೇಲೆ ಜಟೆ ಬಿಟ್ಟ ಸನ್ಯಾಸಿ ಬಳುಕುತ್ತಾ ಪ್ರಿಯಕರನನ್ನ ಕರೆಯೋದು.

ಪಾತ್ರ ಹಂಚೋ ದಿನ ಒಂದು ವಿಷಯ ಅರ್ಥ ಆಯ್ತು. ಇದರಲ್ಲಿ ಯಾವ ಪಾತ್ರವನ್ನೂ ಮಾರೋಕೆ ಆಗಲ್ಲ. ಕುರುಕ್ಷೇತ್ರದಲ್ಲಿ ದುರ್ಯೋಧನ ಒಂದು ಸಾಲು ಮರೆತ್ರೆ ಮೇಷ್ಟ್ರು ಹಾರ್ಮೋನಿಯಂ ಒತ್ತಿ ಸಂಭಾಳಿಸ್ತಾರೆ, ಕಂದಪದ್ಯ ಹಾಡಿ ಒನ್ಸ್ ಮೋರ್ ತಗೋಬಹುದು, ಮಧ್ಯದಲ್ಲಿ ನೋಟಿನ ಹಾರ ಹಾಕಿಸಿಕೊಂಡು ಮುಂದುವರೀಬಹುದು. ಪ್ರಹಸನದಲ್ಲಿ ಅದೆಲ್ಲಾ ನಡೆಯಲ್ಲ. ಎರಡೇ ಮಾತಿನ ಚೇಟಿ ಒಂದು ಉಸಿರು ತಡವಾಗಿ ಬಂದ್ರೆ ನಗು ಸತ್ತೇ ಹೋಯ್ತು. ಎಷ್ಟು ದುಡ್ಡು ಕೊಟ್ರೂ ಅದನ್ನ ಎಬ್ಬಿಸೋಕೆ ಆಗಲ್ಲ.

ಸಮಯಕ್ಕೆ ಬರೋದು ನಮ್ಮಂಥವರಿಗೆ ಎಷ್ಟು ಕಷ್ಟ ನೋಡಿ. ರಿಹರ್ಸಲ್ ರಾತ್ರಿ 8ಕ್ಕೆ. ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿ ವಾರದಲ್ಲಿ ಸತ್ತು ಬಿದ್ದಿದ್ದ ವಸಂತಸೇನೆ ಪಕ್ಕದಿಂದ ಶಾಂಡಿಲ್ಯ ಎದ್ದು "ಗೇಟ್ ವಾಲ್ ತಿರುಗಿಸಿ ಬತ್ತೀನಿ ಕಣಣ್ಣ" ಅಂತ ತೋಟಕ್ಕೆ ಓಡೋನು. ಕೊನೆಗೆ ಯಾರ ಮೋಟರ್ ಯಾವ ಹೊತ್ತಿಗೆ ಅಂತ ಒಂದು ಹಾಳೆಯಲ್ಲಿ ಬರೆದು, ಅದರ ಪ್ರಕಾರ ದೃಶ್ಯ ಹಿಂದೆ ಮುಂದೆ ಮಾಡಿಕೊಂಡ್ವಿ. ಒಟ್ಟು 22 ರಾತ್ರಿ. ನನ್ನ ಕೆಲಸ ಸೈಡ್ ವಿಂಗಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡೋದು. ಹಂಗಾಗಿ ಎಲ್ಲರ ಬೆವರೂ ನನಗೆ ಕಾಣ್ತಿತ್ತು.

ಸನ್ಯಾಸಿ ಪಾತ್ರ ನಮ್ಮ ದುರ್ಯೋಧನನಿಗೇ ಬಂತು. ದನಿ ಅಂದ್ರೆ ಅವನದೇ. ಮೊದಲರ್ಧ ಖುಷಿಯಾಗಿ ಮಾಡಿದ. ಜೀವ ಅದಲು ಬದಲಾದಮೇಲೆ ಹೆಂಗಸಿನ ಹಂಗೆ ನಡೀಬೇಕು ಅಂದಾಗ ಮೀಸೆ ಮೇಲೆ ಕೈ ಹೋಯ್ತು. "ಗದೆ ಹಿಡಿದ ಕೈ ಇದು. ನಾಳೆ ಸಂತೇಲಿ ಜನ ಏನಂತಾರೆ?" ಅಂದ. ಎರಡು ದಿನ ರಿಹರ್ಸಲ್‌ಗೇ ಬರಲಿಲ್ಲ.

ಅವನನ್ನ ವಾಪಸ್ ತಂದಿದ್ದು ವಸಂತಸೇನೆ ಮಾಡೋಕೆ ತುಮಕೂರಿಂದ ಬಂದಿದ್ದ ಅಕ್ಕ. ನಮ್ಮ ಕುರುಕ್ಷೇತ್ರಕ್ಕೆ ದ್ರೌಪದಿ ಆಗೋರು ಅವರೇ. ಅವರು ಹೇಳಿದ್ದು ಎರಡೇ ಮಾತು. "ಅಣ್ಣಾ, ನಾನು ಹೆಂಗಸಾಗಿ ನಿಮ್ಮ ಸನ್ಯಾಸಿ ದನೀಲಿ ಮಾತಾಡ್ತೀನಿ, ನನಗೆ ನಾಚಿಕೆ ಇಲ್ಲ. ನೀವು ನಗಿಸೋಕೆ ಹೋಗಬೇಡಿ, ನಾನು ನಿಜವಾಗ್ಲೂ ವಸಂತಸೇನೆ, ಈ ಗಡ್ಡ ಎಲ್ಲಿಂದ ಬಂತಪ್ಪಾ ಅಂತ ಗಾಬರಿ ಬೀಳಿ, ಸಾಕು." ಅವನು ಹಂಗೇ ಮಾಡಿದ. ಗಡ್ಡ ಮುಟ್ಟಿಕೊಂಡು ನಿಜವಾಗ್ಲೂ ಗಾಬರಿ ಬಿದ್ದ. ಅವತ್ತು ನಾವು ನಕ್ಕ ನಗುವಿಗೆ ಶಾಲೆ ಪಕ್ಕದ ಮನೆಯವರು ಲೈಟ್ ಹಾಕಿ ಆಚೆ ಬಂದ್ರು.

ಇನ್ನು ಯಮದೂತ. ಈ ಪಾತ್ರ ನಮ್ಮ ದೊಡ್ಡಪ್ಪನಿಗೆ. ವಯಸ್ಸು 68, ಕುರುಕ್ಷೇತ್ರದಲ್ಲಿ ಯಾವಾಗಲೂ ಸಂಜಯ. ಕಂಕುಳಲ್ಲಿ ಒಂದು ದಪ್ಪ ರಿಜಿಸ್ಟರ್, ಕಿವಿ ಮೇಲೆ ಒಂದು ಪೆನ್ನು ಇಟ್ಟಿದ್ವಿ. ಎಷ್ಟು ರಾತ್ರಿ ಆದ್ರೂ ದೊಡ್ಡಪ್ಪನ ಮಾತು ಮೇಲೇಳಲಿಲ್ಲ. ಹೆಸರು ತಪ್ಪಿದ ಜಾಗದಲ್ಲಿ ಕಣ್ಣು ದೊಡ್ಡದು ಮಾಡಿ ಕಿರುಚೋದು. ಯಾರಿಗೂ ನಗು ಬರ್ತಿರಲಿಲ್ಲ.

ಆ ಅಕ್ಕ ಒಂದು ದಿನ ಕೇಳಿದ್ರು, "ಅಪ್ಪಾಜಿ, ನಿಮ್ಮ ಹೆಸರಿನವರು ಇನ್ನೊಬ್ಬರು ಇದ್ದಾರಾ?"

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ರಿಜಿಸ್ಟರ್ ಕೆಳಗಿಟ್ಟು ಹೇಳೋಕೆ ಶುರು ಮಾಡಿದ್ರು. ಪಕ್ಕದೂರಲ್ಲಿ ಅವರದೇ ಹೆಸರಿನವರು ಇದ್ದಾರೆ, ತಂದೆ ಹೆಸರೂ ಒಂದೇ. ಅವರು ತಗೊಂಡ ಸಾಲ ದೊಡ್ಡಪ್ಪನ ಪಹಣಿಯ 11ನೇ ಕಾಲಂನಲ್ಲಿ ಬಂದು ಕೂತಿದೆ. ಮೂರು ವರ್ಷದಿಂದ ಓಡಾಟ. ಒಂದು ಕಡೆ ಹೋದ್ರೆ ಇನ್ನೊಂದು ಕಡೆ ಹೋಗಿ ಅಂತಾರೆ. ಮೋಟರ್ ಸುಟ್ಟಾಗ ಬೆಳೆಸಾಲ ಸಿಗದೆ ಹಸು ಮಾರಿದ್ದು ಇದೇ ಕಾರಣಕ್ಕೆ. ಹಸು ಮಾರಿದ್ದು ನಮಗೆ ಗೊತ್ತಿತ್ತು. ಕಾರಣ ಗೊತ್ತಿರಲಿಲ್ಲ. "ಹೇಳಿದ್ರೆ ಸಾಲಗಾರ ಅಂತಾರೆ ಜನ. ಮೊಮ್ಮಗಳ ಸಂಬಂಧ ನೋಡೋ ಕಾಲ ಇದು" ಅಂದ್ರು.

"ಅಲ್ಲಿ ನಿಮಗೆ ಯಾರಾದ್ರೂ ಬೈದ್ರಾ?" ಅಂತ ಅಕ್ಕ ಕೇಳಿದ್ರು.

"ಯಾರೂ ಬಯ್ಯಲಿಲ್ಲ ತಾಯಿ. ಟೀ ಕುಡೀತಾ ಮೆತ್ತಗೆ ಹೇಳಿದ್ರು. ಹೆಸರು ಒಂದೇ ಅಲ್ವಾ ಯಜಮಾನ್ರೇ, ನಾವೇನು ಮಾಡಾಣ ಅಂತ."

"ಹಂಗೇ ಹೇಳಿ. ಯಮದೂತನೂ ಹಂಗೇ ಹೇಳಲಿ."

ದೊಡ್ಡಪ್ಪ ರಿಜಿಸ್ಟರ್ ಎತ್ತಿಕೊಂಡ್ರು. ಕಿರುಚಾಟ ಇಲ್ಲ. ಹಾಳೆ ತಿರುವಿ, ಬೆರಳಿಗೆ ಎಂಜಲು ಹಚ್ಚಿ, ಕನ್ನಡಕದ ಮೇಲಿಂದ ಹೆಣವನ್ನ ನೋಡಿ ಮೆತ್ತಗೆ ಹೇಳಿದ್ರು: "ಹೆಸರು ಒಂದೇ ಅಲ್ವಾ, ನಾವೇನು ಮಾಡಾಣ." ನನ್ನ ಕೈಯಲ್ಲಿದ್ದ ಪುಸ್ತಕ ನಗೋ ಭರಕ್ಕೆ ಕೆಳಗೆ ಬಿತ್ತು. ಆಮೇಲೆ ಯಾಕೋ ಗಂಟಲು ಕಟ್ಟಿತು.

ಊರಹಬ್ಬದ ರಾತ್ರಿ ಸೀರಿಯಲ್ ಸೆಟ್ ಬೆಳಕಲ್ಲಿ, ಹುಣಸೆ ಮರದ ಕೆಳಗೆ ಆಡಿದ್ವಿ. ಮೊದಲ ಹತ್ತು ನಿಮಿಷ ಜನ "ಕಿರೀಟ ಎಲ್ಲಿ, ಸೀನು ಎಲ್ಲಿ" ಅಂತ ಗುಜುಗುಜು. ಶಾಂಡಿಲ್ಯ ಹಸಿವಿನ ಮಾತು ಎತ್ತಿದಮೇಲೆ ಸುಮ್ಮನಾದ್ರು. ಹಾವು ಕಚ್ಚಿದಮೇಲೆ ಬರೋ ಪೆದ್ದ ವೈದ್ಯನ ದೃಶ್ಯಕ್ಕೆ ಮೇಷ್ಟ್ರು ಒಂದು ಮಾತು ಸೇರಿಸಿದ್ರು. ವಸಂತಸೇನೆ ತಾಯಿ ಮಾಡಿದ್ದ ನಮ್ಮ ಸ್ತ್ರೀಶಕ್ತಿ ಸಂಘದ ಅಕ್ಕ ವೈದ್ಯನ ಕೈ ತಳ್ಳಿ, "ಮಂತ್ರ ಸಾಕು, ಆಸ್ಪತ್ರೇಲಿ ಔಷಧಿ ಐತೆ, ಗಾಡಿ ತೆಗೀರೋ" ಅಂದಾಗ ಹೆಂಗಸರ ಕಡೆಯಿಂದ ಚಪ್ಪಾಳೆ. ಅದು ನಗೋ ಮಾತಲ್ಲ, ರಾತ್ರಿ ನೀರು ಕಟ್ಟೋ ಎಲ್ಲರೂ ನೆನಪಿಡಬೇಕಾದ ಮಾತು.

ಯಮದೂತ ಎರಡನೇ ಸಲ ಬಂದು ತನ್ನ ಮಾತು ಹೇಳಿದ. ಇಡೀ ಬಯಲು ನಕ್ಕಿತು. ಆ ನಗು ಇಳಿಯೋ ಮೊದಲೇ ಹಿಂದಿನಿಂದ ಯಾರೋ ಎದ್ದು ನಿಂತು ಕೂಗಿದ್ರು, "ನಮ್ಮದೂ ಹಂಗೇ ಆಗೈತೆ!" ಇನ್ನೊಬ್ಬರು, "ನಮ್ಮಪ್ಪಂದು ಆರು ಗುಂಟೆ ಕಾಣೆ!" ದೊಡ್ಡಪ್ಪ ಗಾಬರಿ ಆಗಲಿಲ್ಲ. ರಿಜಿಸ್ಟರ್ ತೆಗೆದು, ಕಿವಿ ಮೇಲಿನ ಪೆನ್ನು ಇಳಿಸಿ, ಬರಕೊಳ್ಳೋ ಹಂಗೆ ಮಾಡಿ, "ಸೋಮವಾರ ಬನ್ನಿ" ಅಂದ್ರು. ಅದು ಪುಸ್ತಕದಲ್ಲಿ ಇರಲಿಲ್ಲ. ಆ ನಗು ನಿಲ್ಲೋಕೆ ಬಹಳ ಹೊತ್ತು ಹಿಡೀತು. ಸನ್ಯಾಸಿ, ಗಣಿಕೆ ಇಬ್ಬರೂ ಕಾಯ್ತಾ ನಿಂತಿದ್ರು.

ಸೋಮವಾರ ಜನ ನಿಜವಾಗ್ಲೂ ಬಂದ್ರು. ಅರಳಿಕಟ್ಟೆ ಮೇಲೆ 17 ಜನ ಪಹಣಿ ಹಿಡಿದು ಕೂತ್ರು. ಓದಿದ ಹುಡುಗರು ಒಂದೊಂದಾಗಿ ನೋಡಿದ್ರು. ಐದರಲ್ಲಿ ತಪ್ಪು ಸಿಕ್ತು. ಎರಡರಲ್ಲಿ ಹೆಸರಿನ ಅಕ್ಷರ, ಒಂದರಲ್ಲಿ ವಿಸ್ತೀರ್ಣ, ಒಂದರಲ್ಲಿ ತೀರಿಸಿ ಎಷ್ಟೋ ವರ್ಷ ಆದ ಸಾಲ, ಇನ್ನೊಂದು ದೊಡ್ಡಪ್ಪಂದು. ಐವರೂ ಒಟ್ಟಿಗೆ ಹೋಗಿ ಅರ್ಜಿ ಕೊಟ್ಟು ಬಂದ್ರು. ಪಕ್ಕದೂರಿನ ಅದೇ ಹೆಸರಿನ ಯಜಮಾನ್ರೂ ದೊಡ್ಡಪ್ಪನ ಜೊತೆ ಹೋಗಿ, ಈ ಸಾಲ ನಂದು, ಇವರದ್ದಲ್ಲ ಅಂತ ಬರೆದುಕೊಟ್ರು. ನಾಟಕ ನೋಡೋಕೆ ಬಂದಿದ್ದೋರು ಅವರು, ಅಷ್ಟು ದಿನ ಅವರಿಗೂ ವಿಷಯ ಗೊತ್ತಿರಲಿಲ್ಲವಂತೆ. ಕೆಲಸ ಇನ್ನೂ ಆಗಿಲ್ಲ, ಆಗಿದೆ ಅಂತ ಸುಳ್ಳು ಬರೆಯಲ್ಲ. ಅರ್ಜಿಗೆ ನಂಬರ್ ಸಿಕ್ಕಿದೆ. ದೊಡ್ಡಪ್ಪ ಈಗ ಒಬ್ಬರೇ ಹೋಗಲ್ಲ, ಸರದಿ ಪ್ರಕಾರ ಒಬ್ಬೊಬ್ಬರು ಜೊತೆಗೆ ಹೋಗ್ತೀವಿ.

ಕುರುಕ್ಷೇತ್ರವನ್ನ ಬಿಡಬೇಕು ಅಂತ ನಾನು ಹೇಳ್ತಿಲ್ಲ. ಮುಂದಿನ ಶಿವರಾತ್ರಿಗೂ ಗದೆ ಎತ್ತುತೀವಿ, ಅದರ ಗತ್ತೇ ಬೇರೆ. ಆದ್ರೆ ಅಲ್ಲಿ ನಾವು ಯಾರೋ ದೊಡ್ಡವರ ಕಷ್ಟಕ್ಕೆ ಅಳ್ತೀವಿ. ನಮ್ಮ ಕಷ್ಟ ಹೇಳಿಕೊಳ್ಳೋಕೆ ನಾಚಿಕೆ. ಪ್ರಹಸನದಲ್ಲಿ ತಪ್ಪು ಯಮನ ಕಚೇರಿಯದು ಅಂತ ಎಲ್ಲರ ಎದುರು ಗೊತ್ತಾಗುತ್ತೆ, ನಾಚಿಕೆ ಅಲ್ಲಿಗೆ ಹೋಗುತ್ತೆ. ಮೂರು ವರ್ಷ ದೊಡ್ಡಪ್ಪ ಒಬ್ಬರೇ ಹೊತ್ತುಕೊಂಡಿದ್ದನ್ನ ಒಂದು ರಾತ್ರಿ ಊರೆಲ್ಲಾ ನಕ್ಕು ಹಂಚಿಕೊಂಡಿತು.

ಈಗ ಕೆಲಸದ ಮಾತು. ಮುಂಗಾರು ಶುರುವಾಗೋ ಮೊದಲು ನಿಮ್ಮ ಪಹಣಿ ಒಂದು ಸಲ ತೆಗೆಸಿ ಓದಿ. 9ನೇ ಕಾಲಂನಲ್ಲಿ ನಿಮ್ಮ ಹೆಸರು, ತಂದೆ ಹೆಸರು, ವಿಸ್ತೀರ್ಣ ನೋಡಿ. 11ರಲ್ಲಿ ಋಣ ಏನಿದೆ ನೋಡಿ. ಸಾಲ ತೀರಿಸಿದ್ರೂ ಅಲ್ಲಿ ಹಂಗೇ ಉಳಿದಿರಬಹುದು, ಬ್ಯಾಂಕಿನಿಂದ ಸಾಲ ತೀರಿದ ಪತ್ರ ತಗೊಂಡು ಅದನ್ನ ತೆಗೆಸಿ. ತಪ್ಪು ಕಂಡ್ರೆ ಮನೇಲಿ ಮುಚ್ಚಿಟ್ಟುಕೊಂಡು ಕೂರಬೇಡಿ, ನಾಲ್ಕು ಜನಕ್ಕೆ ಹೇಳಿ.

ಮೇಷ್ಟ್ರು ಕನ್ನಡದಲ್ಲಿ ಬರೆದುಕೊಂಡಿರೋ ಪ್ರತಿ ನನ್ನ ಹತ್ರ ಐತೆ. ನಿಮ್ಮೂರಲ್ಲಿ ಆಡೋದಾದ್ರೆ ಬಂದು ಜೆರಾಕ್ಸ್ ಮಾಡಿಸಿಕೊಳ್ಳಿ. ದುಡ್ಡೇನೂ ಬೇಡ. ಯಮದೂತ ಬೇಕು ಅಂದ್ರೆ ದೊಡ್ಡಪ್ಪ ಬರೋಕೆ ರೆಡಿ, ರಾತ್ರಿ ಪಾಳಿ ಕರೆಂಟ್ ಇಲ್ಲದ ವಾರ ಮಾತ್ರ ಕರೀಬೇಕಂತೆ.

ಮುಂದಿನ ವಾರ ತೆಂಗಿನ ಮುಚ್ಚಿಗೆ.