ಮೂರನೆಯ ಮೂಲವಸ್ತು

ವಿಜ್ಞಾನದ ಉಪಾಧ್ಯಾಯರು ಒಂಬತ್ತನೆಯ ತರಗತಿಯಲ್ಲಿ ಮೂಲವಸ್ತುಗಳ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಜಲಜನಕ, ಹೀಲಿಯಂ, ಲಿಥಿಯಂ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಸಾರ್, ನಮ್ಮಣ್ಣ ನುಂಗುವ ಮಾತ್ರೆಯಲ್ಲಿರುವುದು ಇದೇನಾ?”

ತರಗತಿ ಗೊಳ್ಳೆಂದು ನಕ್ಕಿತು. ಅವನ ಅಣ್ಣನನ್ನು ಊರೆಲ್ಲ ಬಲ್ಲದು. ಹಿಂದೊಂದು ಬೇಸಿಗೆಯಲ್ಲಿ ಅವನು ಹತ್ತು ದಿನ ಕಣ್ಣು ಮುಚ್ಚದೆ, ನಡುರಾತ್ರಿಯಲ್ಲಿ ಬಾವಿ ತೋಡಲು ಹೊರಟು, ಎತ್ತು ಮಾರಿದ ಹಣವನ್ನು ಸಂತೆಯಲ್ಲಿ ಕಂಡಕಂಡವರಿಗೆ ಹಂಚಿಬಿಟ್ಟಿದ್ದ. ಮಳೆಗಾಲ ಬರುವಷ್ಟರಲ್ಲಿ ಅದೇ ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದವನು ಊಟಕ್ಕೂ ಏಳದಾದ. ಮೊದಲನೆಯದನ್ನು ಊರು ಗಾಳಿ ಎಂದಿತು. ಎರಡನೆಯದನ್ನು ಸೋಮಾರಿತನ ಎಂದಿತು.

ಉಪಾಧ್ಯಾಯರು ಸೀಮೆಸುಣ್ಣವನ್ನು ಕೆಳಗಿಟ್ಟು, “ಹೌದಪ್ಪಾ, ಇದೇ” ಎಂದರು. ಅಂದಿನ ಪಾಠ ನಾಲ್ಕನೆಯ ಮೂಲವಸ್ತುವಿಗೆ ಹೋಗಲಿಲ್ಲ.

ಉನ್ಮಾದ ಮತ್ತು ಖಿನ್ನತೆ ಎಂಬ ಎರಡು ಮುಖಗಳುಳ್ಳ ಒಂದೇ ಕಾಯಿಲೆ ಅದು. ವೈದ್ಯರು ಬೈಪೋಲಾರ್ ಎನ್ನುತ್ತಾರೆ. ಅಂಕ ಕಡಿಮೆ ಬಂದಾಗ ಬೇಸರ, ಜಾತ್ರೆಯ ದಿನ ಹಿಗ್ಗು ಎಲ್ಲರಿಗೂ ಉಂಟು. ಆದರೆ ಈ ಕಾಯಿಲೆಯಲ್ಲಿ ಏರಿದ ಮನಸ್ಸು ದಿನಗಟ್ಟಲೆ ಇಳಿಯದು, ಇಳಿದದ್ದು ವಾರಗಟ್ಟಲೆ ಏಳದು. ನಿದ್ರೆ, ವಿವೇಕ, ದುಡಿಮೆ ಎಲ್ಲವೂ ಅದರ ಪಾಲಾಗುತ್ತವೆ. ಸಾಮಾನ್ಯವಾಗಿ ಹರೆಯದ ವಯಸ್ಸಿನಲ್ಲಿಯೇ ಇದು ತಲೆದೋರುವುದು.

ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ನವೆದವರು. ಬಿಡುಗಡೆಯಾಗಿ ಬಂದು, ಮೆಲ್ಬರ್ನಿನ ಆಸ್ಪತ್ರೆಯೊಂದರ ಪಾಳುಬಿದ್ದ ಅಡುಗೆ ಕೋಣೆಯಲ್ಲಿ ಪ್ರಯೋಗಕ್ಕೆ ಕುಳಿತರು. ಲಿಥಿಯಂ ಲವಣವನ್ನು ಚುಚ್ಚಿದ ಗಿನಿಯಿಲಿಗಳು ಅಂಗಾತ ಮಲಗಿಸಿದರೂ ಒದ್ದಾಡದೆ ಸುಮ್ಮನೆ ನೋಡುತ್ತಿದ್ದವು. (ಅದು ಶಾಂತಿಯಲ್ಲ, ವಿಷದ ಮಂಕು ಎಂದು ಈಗ ಹಲವರ ಅಭಿಪ್ರಾಯ. ದಾರಿ ತಪ್ಪಿದವನಿಗೂ ಕೆಲವೊಮ್ಮೆ ಊರು ಸಿಗುವುದುಂಟು.) ಕೇಡ್ ಆ ಲವಣವನ್ನು ಮೊದಲು ತಾವೇ ಸೇವಿಸಿ ನೋಡಿದರು. 1948ರಲ್ಲಿ, ಐದು ವರ್ಷಗಳಿಂದ ಉನ್ಮಾದದಲ್ಲಿಯೇ ಇದ್ದ ಐವತ್ತೊಂದು ವಯಸ್ಸಿನ ರೋಗಿಗೆ ಅದನ್ನು ಕೊಟ್ಟರು. ಕೆಲವೇ ತಿಂಗಳಲ್ಲಿ ಆತ ಮನೆಗೆ ಮರಳಿ ಹಳೆಯ ಕೆಲಸಕ್ಕೆ ಹೋಗತೊಡಗಿದ. ಉನ್ಮಾದದ ಹತ್ತು ರೋಗಿಗಳ ವಿವರವನ್ನು ಕೇಡ್ 1949ರಲ್ಲಿ ಪ್ರಕಟಿಸಿದರು.

“ಆಮೇಲೆ ಆತನಿಗೆ ಪೂರ್ತಿ ವಾಸಿಯಾಯಿತಾ ಸಾರ್?”

ಉಪಾಧ್ಯಾಯರು ಕೊಂಚ ತಡೆದರು. ಮಕ್ಕಳಿಗೆ ಅರ್ಧ ಸತ್ಯ ಹೇಳುವುದು ಸುಲಭ. ಅವರು ಹಾಗೆ ಮಾಡಲಿಲ್ಲ. ಗುಣವಾಯಿತೆಂದು ನಂಬಿ ಆತ ಔಷಧಿ ಬಿಟ್ಟ. ಉನ್ಮಾದ ಮರುಕಳಿಸಿ ಆಸ್ಪತ್ರೆಗೆ ಬಂದ. ಮತ್ತೆ ಕೊಟ್ಟ ಲಿಥಿಯಂ ಮೈಯಲ್ಲಿ ಮಿತಿಮೀರಿ, 1950ರಲ್ಲಿ ತೀರಿಕೊಂಡ. ಹೆಚ್ಚಾದರೆ ವಿಷ, ಕಡಿಮೆಯಾದರೆ ವ್ಯರ್ಥ. ಆದ್ದರಿಂದಲೇ ಈಗ ಆಗಾಗ ರಕ್ತಪರೀಕ್ಷೆ ಮಾಡಿ ಪ್ರಮಾಣವನ್ನು ನಿಗದಿಮಾಡುತ್ತಾರೆ. ಹೀಗೆ ಎಚ್ಚರದಿಂದ ಸೇವಿಸಿದ ಎಷ್ಟೋ ಜನ ನೆಮ್ಮದಿಯಾಗಿ ದುಡಿದು ಬಾಳುತ್ತಿದ್ದಾರೆ.

ಹುಡುಗ ತಲೆ ತಗ್ಗಿಸಿದ. “ಅಣ್ಣ ಎರಡು ವಾರದಿಂದ ಮಾತ್ರೆ ಬಿಟ್ಟಿದ್ದಾನೆ ಸಾರ್. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ಅಜ್ಜಿ ಹೇಳಿದರು.”

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ನಗೆಗೆಂದು ಹುಟ್ಟಿದ್ದು. ಅದನ್ನು ಚಿಕಿತ್ಸೆಯೆಂದು ನಂಬಿದ ಮನೆಗಳಲ್ಲಿ ಒಬ್ಬರ ಸಂಕಟ ಇಬ್ಬರದಾಗಿದೆ.

ಈ ಸಲ ಯಾರೂ ನಗಲಿಲ್ಲ. ಗಂಟೆ ಬಾರಿಸಿತು. ಸಂಜೆ ಉಪಾಧ್ಯಾಯರ ಸೈಕಲ್ಲು ತಮ್ಮ ಮನೆಯ ದಾರಿ ಬಿಟ್ಟು ಕೆರೆಯ ಏರಿಯ ಮೇಲೆ ಸಾಗಿತು. ಹುಡುಗ ಪುಸ್ತಕದ ಚೀಲ ಹೊತ್ತು ಪಕ್ಕದಲ್ಲಿಯೇ ಓಡುತ್ತಿದ್ದ.